ಡೀಸೆಲ್ ಹಾಕಿಸೋದು ಒಂದು ಕಡೆ, ತೆರಿಗೆ ಇನ್ನೊಂದು ಕಡೆ: ಅಮೆರಿಕದ ಟ್ರಕ್ ಮಾಲೀಕರ ಇಫ್ಟಾ ಪ್ರಶ್ನೆಗಳು

ಅಮೆರಿಕದಲ್ಲಿ ಟ್ರಕ್ ಓಡಿಸೋರು, ಡಿಸ್ಪ್ಯಾಚ್ ಮಾಡೋರು, ಮನೇಲಿ ಕೂತು ಗಂಡನ ಟ್ರಕ್ಕಿನ ಲೆಕ್ಕ ಬರೆಯೋರು ಹೀಗೆ ಬೇರೆ ಬೇರೆಯವರಿಂದ ಈ ಸಲ ಪತ್ರ ಬಂದಿದೆ, ಆದ್ರೆ ಹೆಚ್ಚಿನವು ಒಂದೇ ವಿಷಯದ್ದು, ಇಫ್ಟಾ. ಅಂದ್ರೆ ಇಂಟರ್‌ನ್ಯಾಷನಲ್ ಫ್ಯೂಯೆಲ್ ಟ್ಯಾಕ್ಸ್ ಅಗ್ರಿಮೆಂಟ್. ಅಮೆರಿಕದ 48 ರಾಜ್ಯ, ಕೆನಡಾದ 10 ಪ್ರಾಂತ್ಯ ಸೇರಿ, ಟ್ರಕ್ಕು ಓಡಿದ ರಾಜ್ಯಗಳಿಗೆಲ್ಲಾ ಡೀಸೆಲ್ ತೆರಿಗೆ ಹಂಚೋಕೆ ಅಂತ ಮಾಡ್ಕೊಂಡಿರೋ ಒಪ್ಪಂದ ಇದು. ಅಲಾಸ್ಕಾ, ಹವಾಯಿ, ವಾಷಿಂಗ್ಟನ್ ಡಿಸಿ ಇದರಲ್ಲಿಲ್ಲ. ಪ್ರಶ್ನೆಗಳು ಹೆಚ್ಚಿದ್ದರಿಂದ ಈ ಸಂಚಿಕೆಯ ಅಂಕಣ ಪೂರ್ತಿ ಇದಕ್ಕೇ ಕೊಟ್ಟಿದ್ದೀನಿ.

ಪ್ರಶ್ನೆ: ನಮ್ಮದು ಡಲ್ಲಾಸ್ ಹತ್ರ, ಒಂದೇ ಟ್ರಕ್ ಸರ್. ಟೆಕ್ಸಾಸ್, ಓಕ್ಲಹೋಮ, ಮಿಸೌರಿ, ಇಷ್ಟರಲ್ಲೇ ಓಡಾಟ. ಟೆಕ್ಸಾಸಲ್ಲಿ ತೆರಿಗೆ ಕಮ್ಮಿ ಅಂತ ಆದಷ್ಟೂ ಅಲ್ಲೇ ಟ್ಯಾಂಕ್ ತುಂಬಿಸ್ತೀವಿ. ಆದ್ರೂ ಕ್ವಾರ್ಟರ್ ಮುಗಿದ ಮೇಲೆ ಮತ್ತೆ ದುಡ್ಡು ಕಟ್ಟಿ ಅಂತ ಬರುತ್ತೆ. ಪಂಪಲ್ಲೇ ತೆರಿಗೆ ಕಟ್ಟಿರ್ತೀವಲ್ಲ, ಇದು ಎರಡನೇ ಸಲ ವಸೂಲಿ ಮಾಡಿದ ಹಾಗಲ್ವಾ?

ಉತ್ತರ: ಅಲ್ಲ. ನಿಮ್ಮ ಹಾಗೆ ಯೋಚನೆ ಮಾಡೋರು ತುಂಬಾ ಜನ ಇದ್ದಾರೆ, ಹಾಗಾಗಿ ಇದನ್ನ ಸ್ವಲ್ಪ ನಿಧಾನವಾಗೇ ಹೇಳ್ತೀನಿ. ಡೀಸೆಲ್ ಮೇಲಿನ ರಾಜ್ಯದ ತೆರಿಗೆ ಇರೋದು ರಸ್ತೆಗೆ. ಯಾವ ರಾಜ್ಯದ ರಸ್ತೆ ತುಳಿದ್ರಿ ಆ ರಾಜ್ಯಕ್ಕೆ ಸೇರಬೇಕು, ಡೀಸೆಲ್ ಎಲ್ಲಿ ಕೊಂಡ್ರಿ ಅನ್ನೋದು ಮುಖ್ಯ ಅಲ್ಲ. ಕಾರಿನವರಿಗೆ ಇದು ತಲೆನೋವಲ್ಲ, ಯಾಕಂದ್ರೆ ಅವರು ಕೊಂಡಿದ್ದು ಹೆಚ್ಚುಕಮ್ಮಿ ಅಲ್ಲಲ್ಲೇ ಖರ್ಚಾಗುತ್ತೆ. ದೊಡ್ಡ ಟ್ರಕ್ಕು ಎರಡು ಟ್ಯಾಂಕ್ ತುಂಬಿಸ್ಕೊಂಡು ಒಂದೆರಡು ರಾಜ್ಯ ಪೂರ್ತಿ ದಾಟಿ ಹೋಗ್ಬಿಡುತ್ತೆ, ಅಲ್ಲಿ ಒಂದು ಹನಿ ಕೊಳ್ಳದೇನೇ. ಆ ರಾಜ್ಯದವರು ರಸ್ತೆ ರಿಪೇರಿಗೆ ದುಡ್ಡು ಎಲ್ಲಿಂದ ತರಬೇಕು? ಅದಕ್ಕೇ ಈ ಲೆಕ್ಕ.

2024ರ ಮೂರನೇ ಕ್ವಾರ್ಟರ್, ಅಂದ್ರೆ ಜುಲೈಯಿಂದ ಸೆಪ್ಟೆಂಬರ್ ಅಂತ ಇಟ್ಕೊಳ್ಳೋಣ. ನಿಮ್ಮ ಟ್ರಕ್ಕು ಒಟ್ಟು 30,000 ಮೈಲಿ ಓಡ್ತು, ಒಟ್ಟು 5,000 ಗ್ಯಾಲನ್ ಹಾಕಿಸಿದ್ರಿ. ಮೈಲೇಜ್ ಗ್ಯಾಲನ್ನಿಗೆ 6.00. ಇದು ಎಲ್ಲಾ ರಾಜ್ಯ ಸೇರಿಸಿ ಒಂದೇ ಸರಾಸರಿ, ರಾಜ್ಯಕ್ಕೊಂದೊಂದು ಮೈಲೇಜ್ ತೆಗೆಯೋ ಹಾಗಿಲ್ಲ, ಎರಡು ದಶಮಾಂಶ ಸ್ಥಾನದವರೆಗೆ ಬರೀಬೇಕು. ಟೆಕ್ಸಾಸಲ್ಲಿ 15,000 ಮೈಲಿ ಓಡಿಸಿದ್ರಿ ಅಂದ್ರೆ ಅಲ್ಲಿ ಸುಟ್ಟಿದ್ದು 2,500 ಗ್ಯಾಲನ್. ಓಕ್ಲಹೋಮದಲ್ಲಿ 9,000 ಮೈಲಿಗೆ 1,500 ಗ್ಯಾಲನ್, ಮಿಸೌರಿಲಿ 6,000 ಮೈಲಿಗೆ 1,000 ಗ್ಯಾಲನ್. ಆದ್ರೆ ನೀವು ಕೊಂಡಿದ್ದು ಟೆಕ್ಸಾಸಲ್ಲಿ 3,500, ಓಕ್ಲಹೋಮದಲ್ಲಿ 1,000, ಮಿಸೌರಿಲಿ 500.

ಈಗ ನೋಡಿ, ಟೆಕ್ಸಾಸಲ್ಲಿ ಸುಟ್ಟಿದ್ದಕ್ಕಿಂತ 1,000 ಗ್ಯಾಲನ್ ಜಾಸ್ತಿ ಕೊಂಡಿದ್ದೀರಿ. ಅಲ್ಲಿನ ತೆರಿಗೆ ಗ್ಯಾಲನ್ನಿಗೆ 20 ಸೆಂಟ್ (1991ರಿಂದ ಹಾಗೇ ಇದೆ), ಹಾಗಾಗಿ 200 ಡಾಲರ್ ನಿಮಗೆ ವಾಪಸ್ ಬರಬೇಕು. ಓಕ್ಲಹೋಮದಲ್ಲಿ 500 ಗ್ಯಾಲನ್ ಕಮ್ಮಿ ಕೊಂಡಿದ್ದೀರಿ, 19 ಸೆಂಟ್ ಲೆಕ್ಕದಲ್ಲಿ 95 ಡಾಲರ್ ಕೊಡಬೇಕು. ಮಿಸೌರಿಲೂ 500 ಗ್ಯಾಲನ್ ಕಮ್ಮಿ, ಆಗ ಅಲ್ಲಿ 27 ಸೆಂಟ್ ಇತ್ತು, 135 ಡಾಲರ್ ಕೊಡಬೇಕು. ಕೊಡೋದು 230, ಬರೋದು 200, ಉಳಿದ 30 ಡಾಲರ್ ಕಟ್ಟಿ ಅಂತ ಬಂದಿರುತ್ತೆ. ಟೆಕ್ಸಾಸಿಗೆ ಕೊಟ್ಟಿದ್ದ 200 ಡಾಲರ್ ಎಲ್ಲೂ ಹೋಗಿಲ್ಲ, ಅದು ಬೇರೆ ಎರಡು ರಾಜ್ಯದ ಬಾಕಿಗೆ ಜಮಾ ಆಗಿದೆ ಅಷ್ಟೇ. ಈ ಹಂಚಿಕೆನೆಲ್ಲಾ ನಿಮ್ಮ ಬೇಸ್ ರಾಜ್ಯನೇ (ಟ್ರಕ್ ನೋಂದಣಿ ಮಾಡಿಸಿ ಇಫ್ಟಾ ಲೈಸೆನ್ಸ್ ತಗೊಂಡಿರೋ ರಾಜ್ಯ) ಮಾಡುತ್ತೆ, ನೀವು ಒಂದೇ ಕಡೆ ಒಂದೇ ರಿಟರ್ನ್ ಹಾಕಿದ್ರೆ ಸಾಕು. 1983ರಲ್ಲಿ ಅರಿಜೋನ, ಅಯೋವ, ವಾಷಿಂಗ್ಟನ್ ಮೂರೇ ರಾಜ್ಯ ಸೇರಿ ಶುರು ಮಾಡಿದ್ದು ಇದನ್ನ, ಅದಕ್ಕೆ ಮುಂಚೆ ಹೋಗೋ ರಾಜ್ಯಕ್ಕೆಲ್ಲಾ ಬೇರೆ ಬೇರೆ ಪರ್ಮಿಟ್ಟು, ಬೇರೆ ಬೇರೆ ರಿಟರ್ನು. ಆಮೇಲೆ 1991ರ ಕೇಂದ್ರ ಕಾಯ್ದೆ ಬಂದು 1996ರೊಳಗೆ ಮಿಕ್ಕ ರಾಜ್ಯಗಳೂ ಸೇರ್ಕೊಳ್ಳೋ ಹಾಗೆ ಮಾಡ್ತು. ಮೂವತ್ತು ಡಾಲರ್ ಕಟ್ಟೋವಾಗ ಬೇಜಾರಾಗುತ್ತೆ ನಿಜ, ಆದ್ರೆ ಒಬ್ಬನೇ ಮಾಲೀಕ ಒಂದೇ ಟ್ರಕ್ ಇಟ್ಕೊಂಡು ಹತ್ತಾರು ರಾಜ್ಯ ಸುತ್ತೋಕೆ ಸಾಧ್ಯ ಆಗಿರೋದೇ ಈ ವ್ಯವಸ್ಥೆಯಿಂದ.

ಪ್ರಶ್ನೆ: ಹಾಗಾದ್ರೆ ಕಮ್ಮಿ ರೇಟ್ ಇರೋ ಕಡೆ ಹಾಕಿಸೋದು ವ್ಯರ್ಥನಾ? ನಾವು ಓಹಾಯೋ, ಪೆನ್ಸಿಲ್ವೇನಿಯ ಕಡೆ ಓಡಿಸ್ತೀವಿ. ಪೆನ್ಸಿಲ್ವೇನಿಯದಲ್ಲಿ ಬೋರ್ಡ್ ರೇಟ್ ನೋಡಿದ್ರೆ ಹಾಕಿಸೋಕೇ ಮನಸ್ಸು ಬರಲ್ಲ.

ಉತ್ತರ: ಬೋರ್ಡ್ ರೇಟ್ ನೋಡಿ ನಿರ್ಧಾರ ಮಾಡ್ಬೇಡಿ, ಈ ಅಂಕಣದಲ್ಲಿ ನಾನು ಹೇಳೋ ಮಾತಲ್ಲಿ ನೇರವಾಗಿ ದುಡ್ಡು ಉಳಿಸೋದು ಇದೊಂದೇ. ಬೋರ್ಡಿನ ರೇಟಿನೊಳಗೆ ಆ ರಾಜ್ಯದ ತೆರಿಗೆ ಸೇರಿದೆ, ಅದು ಹೇಗಿದ್ರೂ ಇಫ್ಟಾದಲ್ಲಿ ನಿಮಗೆ ಲೆಕ್ಕಕ್ಕೆ ಸಿಗುತ್ತೆ. ಹಾಗಾಗಿ ರಾಜ್ಯದ ತೆರಿಗೆ ಕಳೆದು ಉಳಿಯೋ ರೇಟನ್ನ ಹೋಲಿಸಿ ನೋಡ್ಬೇಕು.

2024ರಲ್ಲಿ ಪೆನ್ಸಿಲ್ವೇನಿಯದ ಡೀಸೆಲ್ ತೆರಿಗೆ 74.1 ಸೆಂಟ್, ಓಹಾಯೋದ್ದು 47 ಸೆಂಟ್. ಉದಾಹರಣೆಗೆ ಓಹಾಯೋ ಪಂಪಲ್ಲಿ 3.80 ಡಾಲರ್, ಗಡಿ ದಾಟಿದ್ರೆ ಪೆನ್ಸಿಲ್ವೇನಿಯದಲ್ಲಿ 4.05 ಡಾಲರ್ ಇದೆ ಅಂದ್ಕೊಳ್ಳಿ. ನೋಡೋಕೆ ಓಹಾಯೋ 25 ಸೆಂಟ್ ಅಗ್ಗ. ತೆರಿಗೆ ಕಳೀರಿ, ಓಹಾಯೋದಲ್ಲಿ ಉಳಿಯೋದು 3.33, ಪೆನ್ಸಿಲ್ವೇನಿಯದಲ್ಲಿ 3.309. ಅಂದ್ರೆ ಅಗ್ಗ ಇರೋದು ಪೆನ್ಸಿಲ್ವೇನಿಯದಲ್ಲೇ! ನೀವು ಓಹಾಯೋದಲ್ಲಿ ತುಂಬಿಸ್ಕೊಂಡು ಪೆನ್ಸಿಲ್ವೇನಿಯ ರಸ್ತೇಲಿ ಓಡಿಸಿದ್ರೆ ಮಿಕ್ಕ 27.1 ಸೆಂಟ್ ಕ್ವಾರ್ಟರ್ ಕೊನೇಲಿ ಕಟ್ಟೇ ಕಟ್ತೀರ. ಕೇಂದ್ರದ ತೆರಿಗೆ 24.4 ಸೆಂಟ್ ಎಲ್ಲಾ ಕಡೆ ಒಂದೇ, ಇಫ್ಟಾಗೂ ಅದಕ್ಕೂ ಸಂಬಂಧ ಇಲ್ಲ, ಹೋಲಿಸೋವಾಗ ಅದನ್ನ ಬಿಟ್ಟುಬಿಡಿ. ಫ್ಯೂಯೆಲ್ ಕಾರ್ಡಿನ ಡಿಸ್ಕೌಂಟ್ ಇದ್ರೆ ಅದನ್ನ ಮೊದಲು ಕಳೆದು ಆಮೇಲೆ ಈ ಲೆಕ್ಕ ಹಾಕಿ.

ಒಂದು ಮಾತು ಮಾತ್ರ ಒಪ್ತೀನಿ, ಕೈಯಲ್ಲಿ ಈಗ ದುಡ್ಡಿಲ್ಲ ಅಂದ್ರೆ ಬೋರ್ಡ್ ರೇಟ್ ಕಮ್ಮಿ ಇರೋ ಕಡೆ ಹಾಕಿಸಿದ್ರೆ ಸದ್ಯಕ್ಕೆ ಉಸಿರಾಡಬಹುದು. ಆದ್ರೆ ಉಳಿದಿದ್ದನ್ನ ಎತ್ತಿಡದೆ ಇದ್ರೆ ರಿಟರ್ನ್ ಹಾಕೋ ಹೊತ್ತಿಗೆ ಒಟ್ಟಿಗೆ ಬಂದು ಕೂರುತ್ತೆ.

ಪ್ರಶ್ನೆ: ಟ್ರಕ್ ಎಂಜಿನ್ ಕೆಟ್ಟು ಇಡೀ ಕ್ವಾರ್ಟರ್ ಗ್ಯಾರೇಜಲ್ಲೇ ನಿಂತಿತ್ತು. ಒಂದು ಮೈಲಿನೂ ಓಡಿಲ್ಲ. ರಿಟರ್ನ್ ಹಾಕ್ಬೇಕಾ ಮೇಡಂ ಅಂತ ನಮ್ಮ ಲೆಕ್ಕದವರನ್ನ ಕೇಳಿದ್ರೆ ಬೇಡ ಅಂದ್ರು.

ಉತ್ತರ: ಹಾಕ್ಲೇಬೇಕು. ಲೈಸೆನ್ಸ್ ಇರೋವರೆಗೂ ಸೊನ್ನೆ ಇದ್ರೂ ಸೊನ್ನೆ ಅಂತಾನೇ ಹಾಕಿ. ಕೊನೇ ದಿನ ಏಪ್ರಿಲ್ 30, ಜುಲೈ 31, ಅಕ್ಟೋಬರ್ 31, ಜನವರಿ 31. ರಜಾ ದಿನ ಬಂದ್ರೆ ಮುಂದಿನ ಕೆಲಸದ ದಿನ. ತಡ ಆದ್ರೆ 50 ಡಾಲರ್ ಅಥವಾ ಕಟ್ಟಬೇಕಾದ ತೆರಿಗೆಯ ಶೇ. 10, ಎರಡರಲ್ಲಿ ಯಾವುದು ಜಾಸ್ತಿನೋ ಅದು ಪೆನಾಲ್ಟಿ. ಬಾಕಿ ಇದ್ರೆ ಬಡ್ಡಿ ಬೇರೆ. ಸೊನ್ನೆ ರಿಟರ್ನಿಗೂ ಆ 50 ಡಾಲರ್ ಬೀಳಬಹುದು, ಸತತವಾಗಿ ಬಿಟ್ರೆ ಲೈಸೆನ್ಸೇ ರದ್ದಾಗುತ್ತೆ. ಟ್ರಕ್ ಮಾರಿಬಿಟ್ಟಿದ್ರೆ ಸುಮ್ನೆ ಬಿಡ್ಬೇಡಿ, ಬೇಸ್ ರಾಜ್ಯಕ್ಕೆ ಬರೆದು ಅಕೌಂಟ್ ಮುಚ್ಚಿಸಿ, ಟ್ರಕ್ಕಿಗೆ ಅಂಟಿಸಿರೋ ಇಫ್ಟಾ ಸ್ಟಿಕ್ಕರ್ (ಡೆಕಾಲ್) ಕಿತ್ತುಹಾಕಿ.

ಪ್ರಶ್ನೆ: ನಮ್ಮ ಟ್ರಕ್ಕುಗಳಿಗೆಲ್ಲಾ ಡ್ರೈವರ್ ಗಂಟೆ ದಾಖಲಿಸೋ ಎಲೆಕ್ಟ್ರಾನಿಕ್ ಡಿವೈಸ್, ಅಂದ್ರೆ ಇಎಲ್‌ಡಿ ಹಾಕ್ಸಿದ್ದೀವಿ. ಅದರಲ್ಲೇ ಎಲ್ಲಾ ರೆಕಾರ್ಡ್ ಆಗುತ್ತಲ್ಲ, ಡ್ರೈವರ್‌ಗಳು ಇನ್ನೂ ಟ್ರಿಪ್ ಶೀಟ್ (ಪ್ರತಿ ಓಡಾಟದ ದಾರಿ, ಮೈಲಿ ಬರೆಯೋ ಹಾಳೆ) ಯಾಕೆ ಬರೀಬೇಕು? ಬರೆಯೋಕೆ ಹೇಳಿದ್ರೆ ಅವರು ಸಿಟ್ಟು ಮಾಡ್ಕೊತಾರೆ.

ಉತ್ತರ: ಇಎಲ್‌ಡಿ ಕಾನೂನು ಬಂದಿದ್ದು ಡ್ರೈವರ್ ಎಷ್ಟು ಗಂಟೆ ಗಾಡಿ ಓಡಿಸಿದ, ಎಷ್ಟು ಗಂಟೆ ವಿಶ್ರಾಂತಿ ತಗೊಂಡ ಅಂತ ನೋಡೋಕೆ, 2017ರ ಡಿಸೆಂಬರ್‌ನಲ್ಲಿ. ತೆರಿಗೆ ಲೆಕ್ಕಕ್ಕೆ ಅಂತ ಅಲ್ಲ. ಅದಕ್ಕೇ ಎರಡರ ನಿಯಮ ಹೊಂದಲ್ಲ, ಇಲ್ಲೇ ಜನ ಸಿಕ್ಕಿಹಾಕ್ಕೊಳ್ಳೋದು.

ಮೊದಲನೇದು ಎಷ್ಟು ದಿನ ಇಡ್ಬೇಕು ಅನ್ನೋದು. ಡ್ರೈವರ್ ಗಂಟೆಗಳ ರೆಕಾರ್ಡ್ ಆರು ತಿಂಗಳು ಇಟ್ರೆ ಸಾಕು. ಇಫ್ಟಾಗೆ ರಿಟರ್ನ್ ಹಾಕಿದ ದಿನ ಅಥವಾ ಅದರ ಕೊನೇ ದಿನ, ಯಾವುದು ತಡವೋ ಅಲ್ಲಿಂದ ನಾಲ್ಕು ವರ್ಷ. ಇಎಲ್‌ಡಿ ಕಂಪನಿಯವರ ಸರ್ವರಲ್ಲಿ ಹಳೇ ಡೇಟಾ ಎಷ್ಟು ದಿನ ಇರುತ್ತೆ ಅಂತ ಕೇಳಿದ್ದೀರಾ? ಕಂಪನಿ ಬದಲಾಯಿಸಿದ ದಿನ ಹಳೇ ಲಾಗಿನ್ ಬಂದ್ ಆಗುತ್ತೆ, ಎರಡು ವರ್ಷ ಆದ್ಮೇಲೆ ಆಡಿಟ್ ಕಾಗದ ಬರುತ್ತೆ, ತೋರಿಸೋಕೆ ಏನೂ ಇರಲ್ಲ. ಪ್ರತಿ ಕ್ವಾರ್ಟರ್ ರಿಟರ್ನ್ ಹಾಕಿದ ದಿನವೇ ಆ ಕ್ವಾರ್ಟರಿನ ಪೂರ್ತಿ ಡೇಟಾ ಇಳಿಸ್ಕೊಂಡು ನಿಮ್ಮ ಹತ್ರ ಇಟ್ಕೊಳ್ಳಿ. ಪಿಡಿಎಫ್ ಅಲ್ಲ, ಎಕ್ಸೆಲ್ ಅಥವಾ ಸಿಎಸ್‌ವಿ ಥರ ತೆಗೆದು ಲೆಕ್ಕ ಹಾಕೋಕೆ ಬರೋ ಫೈಲ್ ಆಗಿರ್ಬೇಕು, ಆಡಿಟರ್ ಕೇಳೋದು ಅದನ್ನೇ.

ಎರಡನೇದು, ಗಾಡಿ ಓಡ್ತಿರೋವಾಗ ಇಎಲ್‌ಡಿ ಗಂಟೆಗೊಂದ್ಸಲ ಜಾಗ ಗುರುತು ಮಾಡಿದ್ರೂ ಅದರ ಕಾನೂನಿಗೆ ಸಾಕು. ಒಂದು ಗಂಟೇಲಿ ಟ್ರಕ್ಕು 60, 65 ಮೈಲಿ ಹೋಗಿರುತ್ತೆ, ನಡುವೆ ಯಾವಾಗ ರಾಜ್ಯದ ಗಡಿ ದಾಟ್ತು ಅಂತ ಅದರಿಂದ ಹೇಗೆ ಗೊತ್ತಾಗುತ್ತೆ? ಇಫ್ಟಾದಲ್ಲಿ ಜಿಪಿಎಸ್ ಡೇಟಾ ಒಪ್ಬೇಕು ಅಂದ್ರೆ ಎಂಜಿನ್ ಆನ್ ಇರೋವಾಗ ಕನಿಷ್ಠ ಹತ್ತು ನಿಮಿಷಕ್ಕೊಂದ್ಸಲ ತಾರೀಖು, ಸಮಯ, ಅಕ್ಷಾಂಶ, ರೇಖಾಂಶ, ಓಡೋಮೀಟರ್ ಎಲ್ಲಾ ದಾಖಲಾಗಿರ್ಬೇಕು. ಹೆಚ್ಚಿನ ಒಳ್ಳೆ ಕಂಪನಿಗಳ ಡಿವೈಸ್ ಇದಕ್ಕಿಂತ ಬೇಗ ಬೇಗನೇ ಗುರುತು ಮಾಡುತ್ತೆ, ಆದ್ರೆ ನಿಮ್ಮ ಪ್ಲಾನಲ್ಲಿ ಅದು ಇದೆಯಾ ಅಂತ ಬರವಣಿಗೇಲಿ ಕೇಳಿ ತಗೊಳ್ಳಿ.

ಮೂರನೇದು ಪರ್ಸನಲ್ ಕನ್ವೇಯನ್ಸ್. ಡ್ರೈವರ್ ಊಟಕ್ಕೋ ಮನೆಗೋ ಹೋಗೋವಾಗ ಆ ಮೋಡ್ ಹಾಕಿದ್ರೆ ಇಎಲ್‌ಡಿ ಜಾಗವನ್ನ ಸುಮಾರು ಹತ್ತು ಮೈಲಿ ತ್ರಿಜ್ಯದ ವ್ಯಾಪ್ತೀಲಿ ಮಸುಕು ಮಾಡಿ ತೋರಿಸುತ್ತೆ. ಅವನ ಡ್ಯೂಟಿ ಗಂಟೆಗೆ ಆ ಮೈಲಿ ಸೇರಲ್ಲ. ಆದ್ರೆ ಇಫ್ಟಾಗೆ ಸೇರುತ್ತೆ! ಲೋಡ್ ಇದ್ದು ಓಡಿದ್ದು, ಖಾಲಿ ಓಡಿದ್ದು, ಟ್ರೇಲರ್ ಇಲ್ಲದೆ ಬಾಬ್‌ಟೇಲ್ ಹೋಗಿದ್ದು, ಗ್ಯಾರೇಜಿಗೆ ಹೋಗಿ ಬಂದಿದ್ದು, ಸ್ವಂತ ಕೆಲಸಕ್ಕೆ ಓಡಿಸಿದ್ದು, ಎಲ್ಲಾನೂ. ಲೋಡಿನ ಮೈಲಿ ಮಾತ್ರ ಬರೆದು ಖಾಲಿ ಮೈಲಿ ಬಿಡೋರೂ ಇದ್ದಾರೆ, ಡಿಸ್ಪ್ಯಾಚ್ ಶೀಟಲ್ಲಿ ದುಡ್ಡು ಬರೋ ಮೈಲಿ ಅಷ್ಟೇ ಇರುತ್ತಲ್ಲ, ಅದನ್ನೇ ನಕಲು ಮಾಡ್ಕೊಂಡಿರ್ತಾರೆ. ಓಡೋಮೀಟರ್ ಜೊತೆ ತಾಳೆ ಹಾಕಿದ ಕೂಡ್ಲೇ ಅದು ಸಿಕ್ಕಿಬೀಳುತ್ತೆ.

ಹಾಗಾಗಿ ಡ್ರೈವರಿಗೆ ದೊಡ್ಡ ಶೀಟ್ ಕೊಡ್ಬೇಡಿ, ಒಂದು ಸಾಲು ಸಾಕು. ಡಲ್ಲಾಸಿಂದ ಸೇಂಟ್ ಲೂಯಿಸ್‌ಗೆ ಹೋಗ್ತಿದ್ದಾನೆ ಅಂದ್ಕೊಳ್ಳಿ, ಹೊರಡೋವಾಗ ಓಡೋಮೀಟರ್ ಬರೀತಾನೆ, ಯುಎಸ್ 75ರಲ್ಲಿ ರೆಡ್ ರಿವರ್ ಸೇತುವೆ ದಾಟಿ ಓಕ್ಲಹೋಮಕ್ಕೆ ಕಾಲಿಟ್ಟಾಗ ಒಂದು, ಐ 44ರಲ್ಲಿ ಜಾಪ್ಲಿನ್ ಹತ್ರ ಮಿಸೌರಿ ಬೋರ್ಡ್ ಕಂಡಾಗ ಒಂದು, ತಲುಪಿದಾಗ ಒಂದು. ಓಡಿಸ್ತಾ ಬರೀಬಾರ್ದು, ಮುಂದೆ ನಿಲ್ಲೋ ಜಾಗದಲ್ಲಿ ಬರೆದ್ರೆ ಆಯ್ತು. ಜೊತೆಗೆ ತಾರೀಖು, ಎಲ್ಲಿಂದ ಎಲ್ಲಿಗೆ, ಯಾವ ದಾರಿ, ಯೂನಿಟ್ ನಂಬರ್. ಡಿವೈಸ್ ಕೈಕೊಟ್ಟ ದಿನ ಈ ಒಂದು ಸಾಲೇ ನಿಮ್ಮನ್ನ ಕಾಪಾಡೋದು. ನಾನಾಗಿದ್ರೆ ಜಿಪಿಎಸ್ ಎಷ್ಟೇ ಚೆನ್ನಾಗಿದ್ರೂ ತಿಂಗಳ ಮೊದಲನೇ ದಿನ ಪ್ರತಿ ಟ್ರಕ್ಕಿನ ಓಡೋಮೀಟರ್ ಫೋಟೋ ತರಿಸ್ಕೊಂಡು ಇಟ್ಕೊತೀನಿ. ತಿಂಗಳ ಕೊನೇಲಿ ಡೇಟಾದ ಮೈಲಿ, ಓಡೋಮೀಟರಿನ ಮೈಲಿ ಎರಡರ ನಡುವೆ ಎಲ್ಲಿ ಕಂದಕ ಇದೆ ಅಂತ ಆಗಲೇ ಗೊತ್ತಾಗುತ್ತೆ, ಡ್ರೈವರಿಗೂ ಇನ್ನೂ ನೆನಪಿರುತ್ತೆ.

ಪ್ರಶ್ನೆ: ನಮ್ಮದು 26 ಸಾವಿರ ಪೌಂಡಿನ ಬಾಕ್ಸ್ ಟ್ರಕ್. ಇಫ್ಟಾ ಬೇಕಾ?

ಉತ್ತರ: ಎರಡು ಆಕ್ಸಲ್ ಇದ್ದು ತೂಕ 26,000 ಪೌಂಡ್ ದಾಟಿದ್ರೆ ಬೇಕು, ಸರಿಯಾಗಿ 26,000 ಇದ್ರೆ ಬೇಡ. ಮೂರು ಆಕ್ಸಲ್ ಇದ್ರೆ ತೂಕ ಎಷ್ಟೇ ಇರ್ಲಿ ಬೇಕು. ಹಿಂದೆ ಟ್ರೇಲರ್ ಕಟ್ಟಿ ಎರಡೂ ಸೇರಿ 26,000 ದಾಟಿದ್ರೂ ಬೇಕು, ಇದನ್ನ ಬಾಕ್ಸ್ ಟ್ರಕ್ಕಿನವರು ಮರೆತುಬಿಡ್ತಾರೆ. ಒಂದೇ ರಾಜ್ಯದೊಳಗೆ ಓಡಿಸೋದಾದ್ರೆ ಇಫ್ಟಾದ ಮಾತೇ ಇಲ್ಲ. ವರ್ಷಕ್ಕೊಂದೆರಡು ಸಲ ಮಾತ್ರ ಗಡಿ ದಾಟೋದು ಅಂದ್ರೆ ಆ ರಾಜ್ಯದ ಟ್ರಿಪ್ ಪರ್ಮಿಟ್ ತಗೊಂಡು ಹೋಗಬಹುದು.

ಪ್ರಶ್ನೆ: ಸರಕು ತಂಪಾಗಿಡೋ ರೀಫರ್ ಟ್ರೇಲರ್ ಇದೆ. ಅದಕ್ಕೆ ಹಾಕಿಸೋ ಡೀಸೆಲ್ಲು, ಟ್ರಕ್ಕಿಗೆ ಹಾಕೋ ಡೆಫ್ಫು, ಇವನ್ನೆಲ್ಲಾ ಗ್ಯಾಲನ್ ಲೆಕ್ಕಕ್ಕೆ ಸೇರಿಸ್ತಿದ್ದೀವಿ. ಮೈಲೇಜ್ ತುಂಬಾ ಕಮ್ಮಿ ತೋರಿಸ್ತಿದೆ.

ಉತ್ತರ: ಎರಡನ್ನೂ ಈಗಲೇ ತೆಗೆದುಹಾಕಿ. ಡೆಫ್ ಇಂಧನ ಅಲ್ಲವೇ ಅಲ್ಲ, ಅದು ಹೊಗೆ ಶುದ್ಧ ಮಾಡೋ ದ್ರವ, ಇಂಧನ ತೆರಿಗೆನೂ ಇಲ್ಲ. ರೀಫರಿನ ಡೀಸೆಲ್ ಅದರದ್ದೇ ಟ್ಯಾಂಕಲ್ಲಿ ಇರುತ್ತೆ, ಅದು ಗಾಡಿನ ಎಳೆಯೋಕಲ್ಲ, ಸರಕನ್ನ ತಂಪಾಗಿಡೋಕೆ. ಟ್ರಕ್ ಸ್ಟಾಪಿನ ಬಿಲ್ಲಲ್ಲಿ ಟ್ರ್ಯಾಕ್ಟರ್, ರೀಫರ್, ಡೆಫ್ ಮೂರೂ ಬೇರೆ ಬೇರೆ ಸಾಲಲ್ಲಿ ಬರುತ್ತೆ, ಫ್ಯೂಯೆಲ್ ಕಾರ್ಡ್ ರಿಪೋರ್ಟ್ ಇಳಿಸ್ಕೊಂಡಾಗ ಒಟ್ಟು ಗ್ಯಾಲನ್ ಕಾಲಂ ನೋಡಿ ಬರ್ಕೊಂಡ್ರೆ ಮೂರೂ ಕೂಡಿಬಿಟ್ಟಿರುತ್ತೆ. ನಿಮ್ಮಲ್ಲಿ ಆಗಿರೋದು ಬಹುಶಃ ಇದೇ. ಹೀಗೆ ಸೇರಿಸಿದ್ರೆ ಆ ಗ್ಯಾಲನ್ನಿಗೂ ತೆರಿಗೆ ಕಟ್ಟಿದ್ದೀವಿ ಅಂತ ಕ್ರೆಡಿಟ್ ಕೇಳಿದ ಹಾಗಾಗುತ್ತೆ, ಆಡಿಟಲ್ಲಿ ಅದು ನಿಲ್ಲಲ್ಲ. ಹಿಂದಿನ ಕ್ವಾರ್ಟರುಗಳಲ್ಲೂ ಹೀಗೇ ಹಾಕಿದ್ರೆ ಅವರು ಕಾಗದ ಕಳಿಸೋ ಮುಂಚೆ ನೀವೇ ತಿದ್ದುಪಡಿ ರಿಟರ್ನ್ ಹಾಕಿ.

ಇನ್ನೊಂದು, ರೀಫರಿಗೆ ಕೆಂಪು ಬಣ್ಣ ಸೇರಿಸಿದ ಡೀಸೆಲ್ ಹಾಕ್ಬಹುದು, ಅದಕ್ಕೆ ರಸ್ತೆ ತೆರಿಗೆ ಇಲ್ಲ. ಆದ್ರೆ ಅದೇ ಪೈಪಿಂದ ಟ್ರಕ್ಕಿನ ಟ್ಯಾಂಕಿಗೆ ಹಾಕಿದ್ರೆ ಕೇಂದ್ರದ ದಂಡ ಗ್ಯಾಲನ್ನಿಗೆ 10 ಡಾಲರ್ ಅಥವಾ 1,000 ಡಾಲರ್, ಯಾವುದು ಜಾಸ್ತಿನೋ ಅದು, ರಾಜ್ಯದ್ದು ಬೇರೆ. ರಸ್ತೇಲಿ ನಿಲ್ಲಿಸಿ ಟ್ಯಾಂಕಿಂದ ಸ್ವಲ್ಪ ತೆಗೆದು ನೋಡ್ತಾರೆ, ಬಣ್ಣ ಮುಚ್ಚಿಡೋಕಾಗಲ್ಲ. ಹೊಸ ಡ್ರೈವರಿಗೆ ಮೊದಲ ದಿನವೇ ಇದನ್ನ ಹೇಳಿಕೊಡಿ, ದಯವಿಟ್ಟು.

ಪ್ರಶ್ನೆ: ಆರೆಗಾನ್‌ಗೆ ಇಫ್ಟಾದಲ್ಲಿ ರೇಟೇ ಇಲ್ಲ, ಸೊನ್ನೆ ಅಂತ ತೋರಿಸ್ತಿದೆ. ಹಾಗಾದ್ರೆ ಅಲ್ಲಿನ ಮೈಲಿ ಬಿಟ್ಟುಬಿಡಬಹುದಾ? ಅಲ್ಲೇ ಡೀಸೆಲ್ ಹಾಕಿಸಿದ್ರೆ ಲಾಭನಾ?

ಉತ್ತರ: ಆರೆಗಾನ್ ಪುಕ್ಕಟೆ ಅಲ್ಲ. ಅಲ್ಲಿ 26,000 ಪೌಂಡ್ ಮೇಲಿನ ಟ್ರಕ್ಕಿಗೆ ಡೀಸೆಲ್ ತೆರಿಗೆ ಬದಲು ತೂಕ ಮತ್ತು ಮೈಲಿ ನೋಡಿ ತೆರಿಗೆ ಹಾಕ್ತಾರೆ, ಅದಕ್ಕೆ ಅಲ್ಲಿನದ್ದೇ ಬೇರೆ ಅಕೌಂಟ್, ಬೇರೆ ರಿಪೋರ್ಟ್. ಇಫ್ಟಾದಲ್ಲಿ ತೆರಿಗೆ ಸೊನ್ನೆ ಆದ್ರೂ ಆರೆಗಾನಿನ ಮೈಲಿ, ಅಲ್ಲಿ ಹಾಕಿಸಿದ ಗ್ಯಾಲನ್ ಎರಡನ್ನೂ ಒಟ್ಟು ಲೆಕ್ಕಕ್ಕೆ ಸೇರಿಸ್ಲೇಬೇಕು, ಇಲ್ದಿದ್ರೆ ಮೈಲೇಜೇ ತಪ್ಪಾಗುತ್ತೆ, ಆಗ ಎಲ್ಲಾ ರಾಜ್ಯದ ಲೆಕ್ಕವೂ ತಪ್ಪು. ಡೀಸೆಲ್ ಅಲ್ಲಿ ತುಂಬಿಸ್ಕೊಂಡು ವಾಷಿಂಗ್ಟನ್ ರಾಜ್ಯಕ್ಕೆ ಹೋದ್ರೆ ಅಲ್ಲಿನ ತೆರಿಗೆ ಪೂರ್ತಿ ನಿಮ್ಮ ತಲೆ ಮೇಲೆ, 2025ರ ಜೂನ್‌ವರೆಗೆ ಅದು ಗ್ಯಾಲನ್ನಿಗೆ 49.4 ಸೆಂಟ್ ಇತ್ತು, ಆಮೇಲೆ ಇನ್ನೂ ಏರಿದೆ.

ಇದೇ ಥರ ಇಫ್ಟಾದ ಹೊರಗೆ ಮೈಲಿ ಲೆಕ್ಕದಲ್ಲಿ ವಸೂಲಿ ಮಾಡೋ ರಾಜ್ಯ ಇನ್ನೂ ಇವೆ. ನ್ಯೂಯಾರ್ಕಲ್ಲಿ 18,000 ಪೌಂಡ್ ಮೇಲಿನವಕ್ಕೆ, ನ್ಯೂ ಮೆಕ್ಸಿಕೋದಲ್ಲಿ 26,000 ಮೇಲಿನವಕ್ಕೆ, ಕೆಂಟಕಿಲಿ 60,000 ಮತ್ತು ಅದಕ್ಕಿಂತ ಮೇಲಿನವಕ್ಕೆ, 2023ರ ಜನವರಿಯಿಂದ ಕನೆಕ್ಟಿಕಟ್ ಕೂಡ. ಇವಕ್ಕೆ ಡೀಸೆಲ್ ಎಲ್ಲಿ ಕೊಂಡ್ರಿ ಅನ್ನೋದೇ ಬೇಡ, ಎಷ್ಟು ಮೈಲಿ ಓಡಿದ್ರಿ ಅಷ್ಟಕ್ಕೆ ದುಡ್ಡು. ಒಳ್ಳೆ ವಿಷಯ ಏನಂದ್ರೆ ಇಫ್ಟಾಗೆ ಅಂತ ರಾಜ್ಯವಾರು ಮೈಲಿ ಸರಿಯಾಗಿ ಇಟ್ಟಿದ್ರೆ ಇವಕ್ಕೂ ಅದೇ ಅಂಕಿ ಸಾಕು. ಕೆಟ್ಟದ್ದು ಏನಂದ್ರೆ ಒಂದರಲ್ಲಿ ಒಂದು ಅಂಕಿ, ಇನ್ನೊಂದರಲ್ಲಿ ಇನ್ನೊಂದು ಅಂಕಿ ಬರೆದ್ರೆ ಆಡಿಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಪ್ರಶ್ನೆ: ನಾನು ದೊಡ್ಡ ಕಂಪನಿಗೆ ಟ್ರಕ್ ಲೀಸ್ ಮೇಲೆ ಓಡಿಸ್ತೀನಿ. ವಾರದ ಸೆಟಲ್‌ಮೆಂಟಲ್ಲಿ ಫ್ಯೂಯೆಲ್ ಟ್ಯಾಕ್ಸ್ ಅಂತ ಕಳೀತಾರೆ. ಇದು ನಾನು ಕೊಡಬೇಕಾದ್ದಾ, ಅವರದ್ದಾ?

ಉತ್ತರ: ನಿಮ್ಮ ಲೀಸ್ ಕಾಗದದಲ್ಲಿ ಏನು ಬರೆದಿದೆ ಅನ್ನೋದರ ಮೇಲೆ ಹೋಗುತ್ತೆ. 30 ದಿನ ಅಥವಾ ಜಾಸ್ತಿ ಲೀಸ್ ಇದ್ರೆ ಯಾರು ರಿಟರ್ನ್ ಹಾಕ್ಬೇಕು ಅಂತ ಇಬ್ಬರೂ ಸೇರಿ ಬರ್ಕೊಬಹುದು. ಕಾಗದದಲ್ಲಿ ಏನೂ ಬರೆದಿಲ್ಲ ಅಂದ್ರೆ ಜವಾಬ್ದಾರಿ ನಿಮ್ಮ ಟ್ರಕ್ ಲೀಸಿಗೆ ತಗೊಂಡಿರೋ ಕಂಪನೀದು. ಅದಕ್ಕಿಂತ ಕಮ್ಮಿ ದಿನದ ಟ್ರಿಪ್ ಲೀಸ್ ಆದ್ರೆ ನಿಮ್ಮದು. ಕಂಪನಿ ರಿಟರ್ನ್ ಹಾಕಿ ನಿಮ್ಮಿಂದ ಕಳೀಬಹುದು, ತಪ್ಪೇನಿಲ್ಲ, ಆದ್ರೆ ಕಳೆದಿದ್ದಕ್ಕೆ ಲೆಕ್ಕ ಕೇಳೋ ಹಕ್ಕು ನಿಮಗಿದೆ. ನಿಮ್ಮ ಯೂನಿಟ್ ನಂಬರಿಗೆ ರಾಜ್ಯವಾರು ಮೈಲಿ ಎಷ್ಟು, ಗ್ಯಾಲನ್ ಎಷ್ಟು ಅಂತ ಬರವಣಿಗೇಲಿ ಕೇಳಿ. ಕೊಡಬೇಕಾದ ಕ್ವಾರ್ಟರಲ್ಲಿ ಕಳೆದು, ಕ್ರೆಡಿಟ್ ಬಂದ ಕ್ವಾರ್ಟರಲ್ಲಿ ಸುಮ್ಮನಿರೋದು ಸರಿಯಲ್ಲ. ನಿಮ್ಮ ದುಡ್ಡು, ನೀವು ದುಡಿದಿದ್ದು, ಕೇಳೋಕೆ ಸಂಕೋಚ ಪಡ್ಬೇಡಿ.

ಪ್ರಶ್ನೆ: ಟ್ಯಾಕ್ಸ್ ರೇಟ್ ಪ್ರತಿ ಸಲ ಬದಲಾಗುತ್ತಲ್ಲ, ಸರಿಯಾದ್ದು ಎಲ್ಲಿ ನೋಡೋದು? ಕೆಲವು ರಾಜ್ಯಕ್ಕೆ ಎರಡೆರಡು ಸಾಲು ಬರುತ್ತೆ, ಅದೇನು?

ಉತ್ತರ: ಅರಿಜೋನದ ಚಾಂಡ್ಲರ್‌ನಲ್ಲಿರೋ ಇಫ್ಟಾ ಸಂಸ್ಥೆ ಪ್ರತಿ ಕ್ವಾರ್ಟರಿಗೆ ಎಲ್ಲಾ ರಾಜ್ಯದ ರೇಟಿನ ಪಟ್ಟಿ ಹಾಕುತ್ತೆ, ಅದನ್ನೇ ನೋಡಿ. ಹಳೇ ಎಕ್ಸೆಲ್ ಶೀಟ್ ನಕಲು ಮಾಡ್ಕೊಂಡು ಹೋಗ್ಬೇಡಿ. ಮಿಸೌರಿನೇ ತಗೊಳ್ಳಿ, 2021ರ ಅಕ್ಟೋಬರಿಂದ ಮೇಲೇರ್ತಾ 17 ಸೆಂಟ್ ಇದ್ದಿದ್ದು 2025ರ ಜುಲೈಗೆ 29.5 ಆಯ್ತು. ಎರಡು ಸಾಲು ಬರೋದು ಎರಡು ಕಾರಣಕ್ಕೆ. ಒಂದು, ಕ್ವಾರ್ಟರ್ ನಡುವೆ ರೇಟ್ ಬದಲಾದ್ರೆ ಮುಂಚಿನ ಮೈಲಿ ಒಂದು ಸಾಲು, ಆಮೇಲಿನದ್ದು ಇನ್ನೊಂದು. 2022ರ ಮಾರ್ಚ್ ನಡುವೆ ಜಾರ್ಜಿಯ ತೆರಿಗೆ ನಿಲ್ಲಿಸಿದಾಗ ಹೀಗೇ ಆಗಿತ್ತು, ದಿನದ ಲೆಕ್ಕ ಇಡದೆ ತಿಂಗಳಿಗೊಂದು ಮೊತ್ತ ಬರೆಯೋರು ಇಂಥ ಹೊತ್ತಲ್ಲಿ ಒದ್ದಾಡಿಬಿಡ್ತಾರೆ. ಇನ್ನೊಂದು ಕಾರಣ ಮಾಮೂಲಿ ತೆರಿಗೆ ಮೇಲಿನ ಹೆಚ್ಚುವರಿ ತೆರಿಗೆ, ಅಂದ್ರೆ ಸರ್‌ಚಾರ್ಜ್. ಕೆಂಟಕಿ, ವರ್ಜೀನಿಯ ರಾಜ್ಯಗಳಿಗೆ ಇದಿದೆ, ಇದನ್ನ ಪಂಪಲ್ಲಿ ತಗೊಳ್ಳಲ್ಲ, ಹಾಗಾಗಿ ಅಲ್ಲಿ ಎಷ್ಟು ಡೀಸೆಲ್ ಕೊಂಡಿದ್ರೂ ಕ್ರೆಡಿಟ್ ಇಲ್ಲ, ಅಲ್ಲಿ ಸುಟ್ಟ ಪ್ರತಿ ಗ್ಯಾಲನ್ನಿಗೂ ರಿಟರ್ನಲ್ಲೇ ಕಟ್ಬೇಕು.

ಪ್ರಶ್ನೆ: ಆಡಿಟ್ ಕಾಗದ ಬಂದಿದೆ. ಸುಮಾರು ಬಿಲ್ಲುಗಳು ಸಿಕ್ತಿಲ್ಲ, ಟ್ರಿಪ್ ಶೀಟೂ ಅಲ್ಲಲ್ಲಿ ಇಲ್ಲ. ತುಂಬಾ ಹೆದರಿಕೆ ಆಗ್ತಿದೆ. ಏನು ಮಾಡ್ತಾರೆ ಅವರು?

ಉತ್ತರ: ಹೆದರ್ಬೇಡಿ, ಕಳ್ಳತನ ಹಿಡಿದಿದ್ದಾರೆ ಅಂತ ಅರ್ಥ ಅಲ್ಲ. ಪ್ರತಿ ರಾಜ್ಯನೂ ವರ್ಷಕ್ಕೆ ಸರಾಸರಿ ಶೇ. 3ರಷ್ಟು ಅಕೌಂಟ್ ಆಡಿಟ್ ಮಾಡ್ಲೇಬೇಕು ಅಂತ ಒಪ್ಪಂದದಲ್ಲೇ ಇದೆ, ಆ ಸರದಿಲಿ ನಿಮ್ಮ ಹೆಸರು ಬಂದಿರಬಹುದು. ಆದ್ರೆ ಸಡಿಲ ಬಿಡೋ ವಿಷಯನೂ ಅಲ್ಲ, ಯಾಕೆ ಅಂತ ಅಂಕಿ ಇಟ್ಟೇ ಹೇಳ್ತೀನಿ.

ಬಿಲ್ ಇಲ್ಲ ಅಂದ್ರೆ ಆ ಗ್ಯಾಲನ್ನಿಗೆ ನೀವು ಪಂಪಲ್ಲಿ ಕಟ್ಟಿದ ತೆರಿಗೆಯ ಕ್ರೆಡಿಟ್ ಹೋಗುತ್ತೆ. ಮೊದಲ ಪ್ರಶ್ನೆಯ ಉದಾಹರಣೇಲಿ ಮಿಸೌರಿಯ 500 ಗ್ಯಾಲನ್ ಬಿಲ್ ಕಳೆದುಹೋದ್ರೆ 135 ಡಾಲರ್ ಮತ್ತೆ ಕಟ್ಟಿ ಅಂತಾರೆ. ಆಗ ನಿಜಕ್ಕೂ ಒಂದೇ ಡೀಸೆಲ್ಲಿಗೆ ಎರಡು ಸಲ ತೆರಿಗೆ ಕಟ್ಟಿದ ಹಾಗಾಗುತ್ತೆ. ಅದಕ್ಕಿಂತ ದೊಡ್ಡದು ಮೈಲೇಜ್ ವಿಷಯ. ರೆಕಾರ್ಡ್ ನಂಬೋ ಹಾಗಿಲ್ಲ ಅನ್ನಿಸಿದ್ರೆ ಆಡಿಟರ್ ನೀವು ತೋರಿಸಿದ ಮೈಲೇಜಲ್ಲಿ ಶೇ. 20 ಇಳಿಸಬಹುದು, ಅಥವಾ ಗ್ಯಾಲನ್ನಿಗೆ 4.00 ಮೈಲಿ ಅಂತ ತಾವೇ ನಿಗದಿ ಮಾಡಬಹುದು. ಅದೇ 30,000 ಮೈಲಿನ 4ರಿಂದ ಭಾಗಿಸಿದ್ರೆ 7,500 ಗ್ಯಾಲನ್, ನೀವು ಕೊಂಡಿದ್ದು 5,000. ಸುಡದೇ ಇರೋ 2,500 ಗ್ಯಾಲನ್ನಿಗೆ ತೆರಿಗೆ ಕೇಳ್ತಾರೆ, ಆ ಮೂರು ರಾಜ್ಯದ ರೇಟಲ್ಲಿ 527.50 ಡಾಲರ್. ಇದು ಒಂದು ಟ್ರಕ್ಕು, ಒಂದು ಕ್ವಾರ್ಟರು. ಐದು ಟ್ರಕ್, ಹಲವು ಕ್ವಾರ್ಟರ್, ಮೇಲೆ ಬಡ್ಡಿ ಅಂತ ಹೋದ್ರೆ ಸಣ್ಣ ಮಾಲೀಕರ ವರ್ಷದ ಲಾಭವೇ ಅಲ್ಲಾಡಿಹೋಗುತ್ತೆ. ಪೆನ್ಸಿಲ್ವೇನಿಯದಂಥ ರೇಟ್ ಜಾಸ್ತಿ ಇರೋ ಕಡೆ ಓಡಿಸೋರಾದ್ರೆ ಇನ್ನೂ ಕಷ್ಟ.

ಈಗ ನೀವು ಮಾಡಬೇಕಾದ್ದು ಹೇಳ್ತೀನಿ. ಕಾಗದದ ಬಿಲ್ಲೇ ಬೇಕು ಅಂತಿಲ್ಲ, ಫ್ಯೂಯೆಲ್ ಕಾರ್ಡ್ ಕಂಪನಿಯ ಟ್ರಾನ್ಸಾಕ್ಷನ್ ಪಟ್ಟಿನೂ ನಡೆಯುತ್ತೆ. ಅದರಲ್ಲಿ ತಾರೀಖು, ಮಾರಿದವರ ಹೆಸರು ಮತ್ತು ವಿಳಾಸ, ಎಷ್ಟು ಗ್ಯಾಲನ್, ಯಾವ ಇಂಧನ, ಬೆಲೆ, ಯಾವ ಗಾಡಿ, ಯಾರು ಕೊಂಡಿದ್ದು ಇಷ್ಟೂ ಇರ್ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ಸಾಲಲ್ಲ, ಅದರಲ್ಲಿ ದುಡ್ಡು ಕಾಣುತ್ತೆ, ಗ್ಯಾಲನ್ ಕಾಣಲ್ಲ. ಇವತ್ತೇ ಕಾರ್ಡ್ ಕಂಪನಿಗೆ ಫೋನ್ ಮಾಡಿ ಆ ಅವಧಿಯ ಪೂರ್ತಿ ಪಟ್ಟಿ ಕೇಳಿ. ಕ್ಯಾಶ್ ಕೊಟ್ಟು ಹಾಕಿಸಿದ್ದಕ್ಕೆ ಆ ಟ್ರಕ್ ಸ್ಟಾಪಿಗೇ ತಾರೀಖು ಹೇಳಿ ಡೂಪ್ಲಿಕೇಟ್ ಕೇಳಿ, ಕೆಲವರು ಕೊಡ್ತಾರೆ. ಯಾರ್ಡಲ್ಲಿ ಸ್ವಂತ ಟ್ಯಾಂಕ್ ಇಟ್ಟಿದ್ರೆ ಅದಕ್ಕೆ ಡೀಸೆಲ್ ತುಂಬಿಸಿದ ಬಿಲ್ಲೂ ಬೇಕು, ಯಾವ ದಿನ ಯಾವ ಟ್ರಕ್ಕಿಗೆ ಎಷ್ಟು ಹಾಕಿದ್ರಿ ಅನ್ನೋ ಪುಸ್ತಕನೂ ಬೇಕು.

ಮೈಲಿಗೆ ಬಂದ್ರೆ, ಟ್ರಿಪ್ ಶೀಟ್ ಇಲ್ಲದ ದಿನಗಳಿಗೆ ಬಿಲ್ ಆಫ್ ಲೇಡಿಂಗ್ (ಸರಕಿನ ಜೊತೆ ಬರೋ ರಸೀದಿ), ಟೋಲ್ ರೆಕಾರ್ಡು, ಗ್ಯಾರೇಜ್ ಬಿಲ್ಲಲ್ಲಿ ಬರೆದಿರೋ ಓಡೋಮೀಟರ್, ಇವನ್ನೆಲ್ಲಾ ಜೋಡಿಸಿ ದಿನದ ದಾರಿ ಕಟ್ಟಿ. ಕಳೆದುಹೋದ ಟ್ರಿಪ್ ಶೀಟನ್ನ ಈಗ ಕೂತು ಹೊಸದಾಗಿ ಬರೆದು ಹಳೇದು ಅಂತ ಕೊಡೋಕೆ ಮಾತ್ರ ಹೋಗ್ಬೇಡಿ, ಒಂದೇ ಪೆನ್ನು, ಒಂದೇ ಕೈಬರಹ ಅವರಿಗೆ ನೋಡಿದ ತಕ್ಷಣ ಗೊತ್ತಾಗುತ್ತೆ, ಆಮೇಲೆ ಸರಿಯಾಗಿರೋ ಕಾಗದನೂ ನಂಬಲ್ಲ. ಬೇರೆ ದಾಖಲೆಯಿಂದ ಕಟ್ಟಿದ್ದು ಅಂತ ನೇರವಾಗಿ ಹೇಳಿ ಕೊಡಿ. ಸಮಯ ಬೇಕಿದ್ರೆ ಕೊನೇ ದಿನಕ್ಕೆ ಮುಂಚೆನೇ ಆಡಿಟರಿಗೆ ಬರೆದು ಕೇಳಿ. ಅವರ ತೀರ್ಮಾನ ಒಪ್ಪಿಗೆ ಆಗಿಲ್ಲ ಅಂದ್ರೆ ನೋಟಿಸ್ ಬಂದ 30 ದಿನದೊಳಗೆ ಬೇಸ್ ರಾಜ್ಯಕ್ಕೆ ಬರವಣಿಗೇಲಿ ಮೇಲ್ಮನವಿ ಹಾಕ್ಬೇಕು, ಆ ತಾರೀಖು ತಪ್ಪಿಸ್ಬೇಡಿ.

ಮುಂದಕ್ಕೆ ಒಂದು ವಿಷಯ. ಪಂಪಿನ ಬಿಲ್ ಬರೋದು ಥರ್ಮಲ್ ಪೇಪರಲ್ಲಿ, ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಟ್ರೆ ಕಪ್ಪಾಗುತ್ತೆ, ಡ್ರಾಯರಲ್ಲಿ ವರ್ಷಗಟ್ಟಲೆ ಇಟ್ರೆ ಅಕ್ಷರ ಮಾಯ ಆಗಿ ಬಿಳಿ ಕಾಗದ ಉಳಿಯುತ್ತೆ. ನಾಲ್ಕು ವರ್ಷ ಅದು ತಡೆಯಲ್ಲ. ಪಂಪಿಂದ ಹೊರಡೋ ಮುಂಚೆ ಡ್ರೈವರ್ ಬಿಲ್ ಫೋಟೋ ತೆಗೆದು ಅದರಲ್ಲಿ ಯೂನಿಟ್ ನಂಬರ್ ಕಾಣೋ ಹಾಗೆ ಕಳಿಸ್ಲಿ, ಫೋಟೋನ ಆ ಕ್ವಾರ್ಟರಿನ ಫೋಲ್ಡರಿಗೆ ಅವತ್ತೇ ಹಾಕಿಡಿ.